ಹಗ್ಗದಾಚೆ ಇಬ್ಬರು

ತೀರಿಕೊಂಡ ಅಮ್ಮನ ರವಿಕೆಯ ಬಲತೋಳಿನ ಗುಂಡಿ ಹಾಕಲು ಹೋಗಿ ಮಗಳು ಮತ್ತೆ ಸೋತಳು. ಬೆರಳು ಬಗ್ಗುತ್ತಿರಲಿಲ್ಲ, ಅಮ್ಮನದಲ್ಲ, ಅವಳದು.

"ಬಿಡೇ, ನಾನು ಹಾಕ್ತೀನಿ," ಎಂದು ಚಿಕ್ಕಮ್ಮ ಕೈ ಚಾಚಿದಳು. ಅವಳು ಬಿಡಲಿಲ್ಲ. ಅಂತೂ ಗುಂಡಿ ಕಾಜಕ್ಕೆ ಸಿಕ್ಕಿತು. ಚಿಕ್ಕಮ್ಮ ಕಿಟಕಿ ಪಕ್ಕದ ಮೊಳೆಯಿಂದ ಸೀಟಿಯನ್ನು ಬಿಡಿಸಿಕೊಂಡು, ಅದರ ಮಾಸಿದ ದಾರವನ್ನು ಸೆರಗಿನಿಂದ ಒರೆಸಿದಳು.

"ಇದನ್ನೂ ಕೊರಳಿಗೆ ಹಾಕಿಬಿಡೋಣ. ಊರೆಲ್ಲಾ ಸೀಟಿಯಮ್ಮ ಅಂತಾನೇ ತಾನೆ ಕರೀತಿದ್ದಿದ್ದು? ಅದಿಲ್ಲದೆ ಹೇಗೆ ಕಳಿಸೋದು?"

"ಬೇಡ ಚಿಕ್ಕಮ್ಮ."

ಅವಳು ಸೀಟಿಯನ್ನು ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಯಾಕೆ ಬೇಡವೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೊರಕೋಣೆಯಲ್ಲಿ ಬಾಡಿಗೆ ಕುರ್ಚಿಗಳೆಲ್ಲ ತುಂಬಿದ್ದವು. ವರ್ಷವೆಲ್ಲ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಅಮ್ಮ, ಬೇಸಿಗೆ ಬಂತೆಂದರೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಕೆರೆಯ ಪಕ್ಕದ ಮಕ್ಕಳ ಶಿಬಿರಕ್ಕೆ ಹೊರಟುಬಿಡುತ್ತಿದ್ದಳು. ಕುರ್ಚಿಯಲ್ಲಿ ಕೂತಿದ್ದವರು ಆ ಶಿಬಿರದ ಮಕ್ಕಳು. ಈಗ ಕೆಲವರ ತಲೆ ಬೋಳಾಗಿತ್ತು, ಕೆಲವರ ಮೊಣಕಾಲು ಹಿಡಿದಿತ್ತು. ಅವರಲ್ಲೊಬ್ಬರು, ಹಲ್ಲಿನ ಡಾಕ್ಟರು, ತಾವು ಶಿಬಿರದಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡ ಕತೆಯನ್ನು ನಾಚಿಕೆಯಿಲ್ಲದೆ ಹೇಳಿದರು. ಹಾಸಿಗೆಯ ಮೇಲೆ ನೀರಿನ ಹೂಜಿ ತಾನೇ ಉರುಳಿಸಿದೆನೆಂದು ಸೀಟಿಯಮ್ಮ ಎಲ್ಲರ ಮುಂದೆ ತನ್ನನ್ನೇ ಬೈದುಕೊಂಡಳಂತೆ. ಇನ್ನೊಬ್ಬ, ಬಸ್ ಡ್ರೈವರ್, ತನ್ನ ಮದುವೆಯ ಊಟದ ಹೊತ್ತಿನಲ್ಲಿ ಆಕೆ ತಮಾಷೆಗೆ ಸೀಟಿ ಊದಿದ್ದನ್ನು ನೆನೆಸಿಕೊಂಡ. "ಶಿಬಿರದವರೆಲ್ಲಾ ತಟ್ಟೆ ಬಿಟ್ಟು ಪಕ್ಕದವರ ಕೈ ಹಿಡ್ಕೊಂಡು ಮೇಲೆತ್ತಿಬಿಟ್ರು. ನನ್ನ ಹೆಂಡ್ತಿ ಕಡೆಯವರು, ಇದೆಂಥಾ ಜನಕ್ಕೆ ಹೆಣ್ಣು ಕೊಟ್ವಪ್ಪಾ ಅಂತ ಬೆಪ್ಪಾದ್ರು." ಸಾವಿನ ಮನೆ ಎಂಬುದನ್ನು ಮರೆತು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ಒಂದೇ ಮಾತಿಗೆ ಬಂದು ನಿಲ್ಲುತ್ತಿದ್ದರು: ನನಗಂತೂ ಹೆತ್ತಮ್ಮನ ಹಾಗೇ ಇದ್ದಳು.

ನೀರಿನ ಲೋಟ ಹಂಚುತ್ತಿದ್ದ ಮಗಳಿಗೆ ಆ ಮಾತು ಪ್ರತಿ ಸಲವೂ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು.

*

ಮಗಳು ಚಿಕ್ಕವಳಿದ್ದಾಗ, ಶಿಬಿರದ ಬಸ್ಸಿನ ಮೆಟ್ಟಿಲ ಮೇಲೆಯೇ ಅಮ್ಮ ಬದಲಾಗುತ್ತಿದ್ದಳು. "ಇಲ್ಲಿಂದ ನಾನು ಮೇಡಂ. ಅಲ್ಲಿ ಯಾರಿಗೂ ಅಮ್ಮ ಇರಲ್ಲ, ನಿನಗೂ ಇರಬಾರದು," ಎಂದು ಮೊದಲ ವರ್ಷವೇ ಹೇಳಿದ್ದಳು. ದೀಪ ಆರಿಸಿದ ಮೇಲೆ, ಒದ್ದೆ ಟವೆಲ್ಲುಗಳ ವಾಸನೆಯ ಆ ಉದ್ದ ಕೋಣೆಯಲ್ಲಿ ಕಬ್ಬಿಣದ ಮಂಚಗಳ ನಡುವೆ ಟಾರ್ಚು ಹಿಡಿದು ಬರುತ್ತಿದ್ದಳು. ಮನೆ ನೆನಪಾಗಿ ಬಿಕ್ಕುವವರ ಬಳಿ ಕೂರುತ್ತಿದ್ದಳು, ಜಾರಿದ ಹೊದಿಕೆ ಸರಿಮಾಡುತ್ತಿದ್ದಳು. ಮಗಳು ಬೇಕೆಂದೇ ಹೊದಿಕೆಯನ್ನು ನೆಲಕ್ಕೆ ಬೀಳಿಸಿ ಕಾಯುತ್ತಿದ್ದಳು. ಟಾರ್ಚಿನ ಬೆಳಕು ಅವಳ ಮಂಚದ ಕಾಲನ್ನು ಸವರಿಕೊಂಡು ಮುಂದೆ ಹೋಗಿಬಿಡುತ್ತಿತ್ತು.

ಕೆರೆಗಿಳಿಯಲು ಪ್ರತಿಯೊಬ್ಬರಿಗೂ ಒಂದು ಜೋಡಿ. ಹಗ್ಗಕ್ಕೆ ಖಾಲಿ ಡಬ್ಬಗಳನ್ನು ಕಟ್ಟಿ ನೀರಿನಲ್ಲಿ ಗಡಿ ಹಾಕಿದ್ದರು. ಮೊದಲ ಸೀಟಿಗೆ ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ಎಲ್ಲರೂ ಇದ್ದಾರೆಂದು ಮೇಡಂ ನೋಡಿಕೊಂಡು ಎರಡನೇ ಸೀಟಿ ಊದುವ ತನಕ ಇಳಿಸುವಂತಿಲ್ಲ. ಅತ್ತೂ ಅತ್ತೂ ಊಟ ಬಿಟ್ಟಿದ್ದ, ಎಲ್ಲರೂ ಕಡ್ಡಿ ಎಂದು ಆಡಿಕೊಳ್ಳುತ್ತಿದ್ದ ಹುಡುಗಿಯನ್ನು ಅಮ್ಮ ತನ್ನ ಮಗಳಿಗೇ ಜೋಡಿ ಮಾಡಿದ್ದಳು.

ಆ ದಿನ ಗಾಳಿ ಎದ್ದು ಕೆಂಪು ಚೆಂಡೊಂದು ಹಗ್ಗದಾಚೆ ತೇಲಿಹೋಯಿತು. ಇಬ್ಬರೂ ನಗುತ್ತಲೇ ಅದರ ಹಿಂದೆ ಹೋದರು. ಕಾಲಿಗೆ ನೆಲ ಸಿಗದಾದಾಗ ಯಾರ ಕೈ ಯಾರಿಂದ ಜಾರಿತೋ ತಿಳಿಯಲಿಲ್ಲ. ಸೀಟಿ ಕೇಳಿಸಿತು. ಮುಳುಗಿ ಎದ್ದ ಒಂದು ಗಳಿಗೆಯಲ್ಲಿ ಮಗಳು ಕಂಡದ್ದು ಅಮ್ಮನ ಬೆನ್ನು. ಉಟ್ಟ ಬಟ್ಟೆಯಲ್ಲೇ ನೀರನ್ನು ಸೀಳಿಕೊಂಡು ಅಮ್ಮ ಕಡ್ಡಿಯತ್ತ ಹೋಗುತ್ತಿದ್ದಳು. ಮಗಳನ್ನು ಎತ್ತಿದವನು ಶಿಬಿರದ ದೋಣಿಯವನು.

ಕಡ್ಡಿ ಬದುಕಲಿಲ್ಲ. ಎರಡನೇ ಸೀಟಿ ಊದಲೇ ಇಲ್ಲವಾದ್ದರಿಂದ ಉಳಿದ ಮಕ್ಕಳು ದಡದಲ್ಲಿ ಕೈ ಎತ್ತಿಕೊಂಡೇ ನಿಂತಿದ್ದರಂತೆ.

ಕೆಲವು ವರ್ಷ ಶಿಬಿರ ಮುಚ್ಚಿತ್ತು. ಮತ್ತೆ ತೆರೆದಾಗ ಕೆರೆಗೆ ಬೇಲಿ ಬಂದಿತ್ತು. ಸೀಟಿ ಮಾತ್ರ ಊಟದ ಮನೆಗೂ ಕಾಡಿನ ದಾರಿಗೂ ಬಂತು. ಮಗಳ ತಲೆ ಬಾಚುವ ಕೆಲಸ ಚಿಕ್ಕಮ್ಮನ ಪಾಲಾಯಿತು. ಮನೆಯಲ್ಲೂ ಅಮ್ಮ ಮೇಡಂ ಆಗಿಯೇ ಉಳಿದಳು.

*

ಕಡ್ಡಿಯ ತಾಯಿ ಬಂದಾಗ ಎಲ್ಲರೂ ಎದ್ದು ದಾರಿ ಬಿಟ್ಟರು. ಪ್ರತಿ ಬೇಸಿಗೆಯಲ್ಲೂ ಶಿಬಿರದ ಮಕ್ಕಳಿಗೆ ಹೊದಿಕೆ ತಂದುಕೊಡುತ್ತಿದ್ದ ಆ ಮುದುಕಿಯನ್ನು ಎಲ್ಲರೂ ಬಲ್ಲರು. ಆಕೆ ಸತ್ತವಳ ಹಣೆ ಸವರಿ, ಮಗಳ ಗಲ್ಲ ಹಿಡಿದುಕೊಂಡಳು.

"ನಿನ್ನನ್ನ ಬಿಟ್ಟು ನನ್ನ ಮಗು ಹತ್ರ ಹೋದಳಲ್ಲಮ್ಮಾ ನಿಮ್ಮಮ್ಮ. ಯಾವ ತಾಯಿ ಹಾಗೆ ಮಾಡ್ತಾಳೆ ಹೇಳು. ಅದೊಂದನ್ನ ಹಿಡ್ಕೊಂಡೇ ನಾನು ಇಷ್ಟು ವರ್ಷ ಉಸಿರಾಡಿದ್ದು. ಇವತ್ತು ಮಣ್ಣು ಮಾಡೋ ಮುಂಚೆ ಎಲ್ಲರೆದುರಿಗೆ ಹೇಳ್ತೀನಿ."

ಅವಳು ತಲೆಯಾಡಿಸಿದಳು. ಅಮ್ಮನ ಅದೇ ಬೆನ್ನು. ಅದರ ಮೇಲೆ ಈ ಮುದುಕಿ ಬದುಕು ಕಟ್ಟಿಕೊಂಡಿದ್ದಳು. ತನ್ನದು ಅದರಡಿಯಲ್ಲೇ ನಜ್ಜುಗುಜ್ಜಾಗಿತ್ತು.

ಹಿತ್ತಲ ಮೆಟ್ಟಿಲ ಮೇಲೆ ದೋಣಿಯವನು ಒಬ್ಬನೇ ಕೂತಿದ್ದ. ಕೊಟ್ಟ ಟೀ ಕೈಯಲ್ಲೇ ಆರಿಹೋಗಿತ್ತು. ಒಳಗೆ ಬರಲೊಲ್ಲೆ ಎಂದಿದ್ದನಂತೆ. ಅವಳು ಪಕ್ಕದಲ್ಲಿ ಕೂತು, ಚಿಕ್ಕಂದಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟಳು.

"ದೋಣಿ ಮಾಮ, ಅವತ್ತು ಅಮ್ಮಂಗೆ ನಾನು ಕಾಣಿಸಿರಲಿಲ್ವಾ?"

ಅವನು ಲೋಟವನ್ನು ಮೆಟ್ಟಿಲ ಮೇಲಿಟ್ಟ. "ಮೊದಲು ಕಂಡಿದ್ದೇ ನೀನು."

ಅವಳು ಅವನತ್ತ ತಿರುಗಿದಳು.

"ನಿಮ್ಮಮ್ಮಂಗೆ ಈಜು ಬರ್ತಿರಲಿಲ್ಲ. ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

"ಆ ಹುಡುಗಿ ಹತ್ರದಲ್ಲಿತ್ತು. ನಾನು ದೋಣೀನ ಅತ್ಲಾಗೇ ತಿರುಗಿಸಿದ್ದೆ. ನಿಮ್ಮಮ್ಮ ಬಂದು ಹುಟ್ಟು ಹಿಡ್ಕೊಂಡಳು. 'ನನ್ನ ಮಗಳ ಕಡೆ ಹೋಗು, ಆ ಮಗೂನ ನಾನು ನೋಡ್ಕೋತೀನಿ' ಅಂದಳು. ಕುತ್ತಿಗೆ ಮಟ್ಟ ನೀರು ಬರೋವರೆಗೂ ಹೋದಳು. ಆಮೇಲೆ ಹೋಗೋಕಾಗದೆ ಕೈ ಚಾಚ್ಕೊಂಡು ನಿಂತಿದ್ದಳು."

"ಯಾರಿಗೂ ಹೇಳ್ಬೇಡ ಅಂದಿದ್ದಳಾ?"

"ಅಂದಿದ್ರೆ ಎಷ್ಟೋ ವಾಸಿ ಇತ್ತು. ಅವತ್ತಿಂದ ನನ್ನ ಮುಖಾನೇ ನೋಡ್ಲಿಲ್ಲ." ಅವನು ಮೊದಲ ಸಲ ಅವಳತ್ತ ತಿರುಗಿದ. "ನಿನ್ನ ಮುಖಾನಾದ್ರೂ ನೋಡ್ತಿದ್ದಳಾ?"

ಮುಂಬಾಗಿಲಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಚಿಕ್ಕಮ್ಮ ಅವಳನ್ನು ಕರೆಯುತ್ತಿದ್ದಳು.

*

ಸ್ಮಶಾನದಲ್ಲಿ ಅಗೆದ ಮಣ್ಣು ಗುಂಡಿಯ ಎರಡೂ ಕಡೆ ಹಸಿಯಾಗಿ ಬಿದ್ದಿತ್ತು. ಕಡ್ಡಿಯ ತಾಯಿ ಅವಳ ಪಕ್ಕದಲ್ಲಿ ನಿಂತು, ನಿಧಾನಕ್ಕೆ, ಒಂದೊಂದೇ ಮಾತು ಹೆಕ್ಕಿ ಹೇಳಿದಳು. ಈಕೆ ತನ್ನ ಹೊಟ್ಟೆಯ ಕೂಸನ್ನು ಬೇರೆಯವರ ಕೈಗೆ ಬಿಟ್ಟು ನನ್ನ ಮಗುವಿಗಾಗಿ ನೀರಿಗಿಳಿದವಳು ಎಂದಳು. ನನ್ನ ಮಗು ಕೊನೆಯಲ್ಲಿ ಒಂಟಿಯಾಗಿರಲಿಲ್ಲ, ಅದಕ್ಕೊಬ್ಬ ತಾಯಿ ಜೊತೆಗಿದ್ದಳು ಎಂದಳು. ಹಲ್ಲಿನ ಡಾಕ್ಟರು ಕಣ್ಣೊರೆಸಿಕೊಂಡರು. ದೋಣಿಯವನು ದೂರದಲ್ಲಿ ನೆಲ ನೋಡುತ್ತ ನಿಂತಿದ್ದ.

ಮುದುಕಿ ಅವಳ ಕಡೆ ತಿರುಗಿದಳು. "ನೀನು ಅಲ್ಲೇ ಇದ್ದೆ, ಕಣ್ಣಾರೆ ಕಂಡಿದ್ದೀಯ. ಹೌದಲ್ವೇನಮ್ಮಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೌದು ಎಂದರೆ ಅಮ್ಮ ಮತ್ತೆ ಬೆನ್ನು ತಿರುಗಿಸಿ ಹೋಗುತ್ತಾಳೆ, ಈ ಸಲ ಶಾಶ್ವತವಾಗಿ. ಅಲ್ಲ ಎಂದರೆ ಅಮ್ಮ ತನ್ನವಳಾಗುತ್ತಾಳೆ; ಆದರೆ ಆ ಮಗು ನೀರಿನಲ್ಲಿ ಒಂಟಿಯಾಗುತ್ತದೆ, ಅದೂ ಅದರ ತಾಯಿಯ ಕಣ್ಣೆದುರಿಗೆ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಅವಳು ಸೀಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಊದಿದಳು.

ನರೆತವರು, ಬೊಜ್ಜು ಬಂದವರು, ಕೋಲು ಹಿಡಿದವರು, ಎಲ್ಲರೂ ಯೋಚಿಸುವ ಮೊದಲೇ ಪಕ್ಕದವರ ಕೈ ಹಿಡಿದು ಮೇಲೆತ್ತಿದರು. ಅವಳ ಕೈಯೂ ಪಕ್ಕದಲ್ಲಿದ್ದ ಕೈಯನ್ನು ಹುಡುಕಿ ಹಿಡಿದು ಎತ್ತಿತ್ತು. ಸುಕ್ಕುಗಟ್ಟಿದ, ತಣ್ಣಗಿನ ಕೈ. ಶಿಬಿರಕ್ಕೆ ಹೊದಿಕೆ ತಂದುಕೊಟ್ಟದ್ದು ಬಿಟ್ಟರೆ ಮುದುಕಿಗೆ ಅಲ್ಲಿಯ ನಿಯಮ ಒಂದೂ ಗೊತ್ತಿರಲಿಲ್ಲ. ಆದರೂ ಬಿಗಿಯಾಗಿ ಹಿಡಿದುಕೊಂಡಳು.

ಗುಂಡಿಯ ಸುತ್ತ ಎಲ್ಲರೂ ಕೈ ಎತ್ತಿಕೊಂಡು ಎರಡನೇ ಸೀಟಿಗಾಗಿ ಕಾಯುತ್ತಿದ್ದರು. ಸೀಟಿ ಇನ್ನೂ ಅವಳ ಹಲ್ಲಿನ ನಡುವೆಯೇ ಇತ್ತು. ಮುದುಕಿಯ ಕೈ ನಿಧಾನವಾಗಿ ಭಾರವಾಗತೊಡಗಿತು.