ಸಿಡಿಲಕ್ಕನ ಎಡಗೈ

ಸಿಡಿಲಕ್ಕನ ಮೇಲಂಗಿಯ ಗುಂಡಿ ಎಡಭುಜದ ಮೇಲೇ ಇದೆ, ಸರಿ, ಹಿಂದಿನ ಶಾಟಿನಲ್ಲೂ ಎಡಕ್ಕೇ ಇತ್ತು, ಐವರೂ ನೀರಿನ ಟ್ಯಾಂಕಿನ ಮೇಲಿಂದ ಹಾರಿ ನಗರ್ತಪೇಟೆಯ ತಾರಸಿಗಳ ಮೇಲೆ ಇಳಿಯುತ್ತಿದ್ದಾರೆ, ಒಬ್ಬ, ಇಬ್ಬರು, ಮೂವರು — ಸುಪ್ರಜಾ ಎಣಿಸಿದಳು, ಎಣಿಸುವುದೇ ಅವಳ ಕೆಲಸ, ತ್ಯಾಗರಾಜನಗರದ ಸ್ಟುಡಿಯೋದಲ್ಲಿ ಎರಡು ವರ್ಷ ಈ ಆನಿಮೇಷನ್ ಚಿತ್ರದ ಒಂದೊಂದು ಶಾಟನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದವಳು, ಯಾರ ಬೂಟು ಯಾವ ಬಣ್ಣ, ಯಾರ ಮಚ್ಚೆ ಯಾವ ಕೆನ್ನೆ, ಒಂದು ಶಾಟಿಗೂ ಮುಂದಿನದಕ್ಕೂ ತಾಳೆಯಾಗದಿದ್ದರೆ ಕೆಂಪು ಗುರುತು ಹಾಕಿ ಸರಿಪಡಿಸಿ ಎಂದು ಬರೆದವಳು, ಈಗ ಚಾಮರಾಜಪೇಟೆಯ ಈ ಪುಟ್ಟ ಪ್ರಿವ್ಯೂ ಹಾಲಿನಲ್ಲಿ ಕೂತು ತನ್ನದೇ ಒಂದು ತಿದ್ದುಪಡಿ ತೆರೆ ತುಂಬ ಬರುವುದನ್ನು ಕಾಯುತ್ತಿದ್ದಾಳೆ, ಇನ್ನು ಒಂಬತ್ತು ನಿಮಿಷ, ಒಂಬತ್ತೋ ಎಂಟೋ — ಈಗ ಏನಮ್ಮಾ ಆಗ್ತಿದೆ, ಪಕ್ಕದಿಂದ ಆಂಡಾಳಮ್ಮನ ಪಿಸುದನಿ, ಹೊಗೆರಾಯ ಮಾರ್ಕೆಟ್ಟನ್ನೇ ಹೊಗೇಲಿ ಮುಚ್ಚಿಬಿಟ್ಟಿದಾನೆ ಅಮ್ಮ, ಇವರು ಐದು ಜನ ಸುತ್ತುವರೀತಿದಾರೆ, ಹೂಂ, ಆ ಹೊಗೆರಾಯ ಯಾರು ಗೊತ್ತೇನೇ, ನಾವು ಬಾಡಿಗೆಗಿದ್ದ ಮನೆ ಓನರ್ರು, ಬೀಡಿ ಸೇದಿ ಸೇದಿ ನಮ್ಮ ಕಿಟಕಿಗೇ ಬಿಡ್ತಿದ್ದ, ನನ್ನ ತಮ್ಮ ದೊರೆ ಪುಸ್ತಕದಲ್ಲಿ ಅವನ ಮೂಗನ್ನ ಹಾಗೇ ಇಳಿಸಿದಾನೆ, ಪಾಪ ಅವನೇ ಪ್ರತಿ ತಿಂಗಳೂ ಕಾಸು ಕೊಟ್ಟು ತಗೊಂಡು ಓದ್ತಿದ್ದ. ಮುದುಕಿ ಸದ್ದಿಲ್ಲದೆ ನಗುತ್ತಾಳೆ, ಕುರ್ಚಿಯ ಕೈ ನಡುಗುತ್ತದೆ, ಸುಪ್ರಜಾಳಿಗೆ ನಗು ಬರುವುದಿಲ್ಲ, ಕಣ್ಣು ಕತ್ತಲಲ್ಲೂ ಅತ್ತಲೇ ಹೋಗುತ್ತದೆ, ಮುದುಕಿಯ ಎಡಗೈಯ ಕಡೆ, ಕಿರುಬೆರಳು, ಆಮೇಲೆ ಸಂದು, ಆಮೇಲೆ ನಡುಬೆರಳು.

ಕೇಳಬಹುದಿತ್ತು. ಒಂದು ಫೋನು. ದೊರೆಸ್ವಾಮಿಯವರ ನಂಬರು ಎರಡು ವರ್ಷದಿಂದ ಅವಳ ಮೊಬೈಲಿನಲ್ಲೇ ಇತ್ತು, ಏನೇ ಸಂಶಯ ಇದ್ರೂ ಕೇಳಮ್ಮ, ನಾನೇನು ಮಲ್ಲೇಶ್ವರ ಬಿಟ್ಟು ಎಲ್ಲೂ ಹೋಗಲ್ಲ ಅಂದಿದ್ದರು, ನಲವತ್ತು ವರ್ಷದ ಹಿಂದೆ ಪೇಟೆ ಪಹರೆ ಕಾಮಿಕ್ಸಿನ ಪುಟಪುಟವನ್ನೂ ಒಬ್ಬರೇ ಬರೆದವರು, ಆ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವಳೇ ಕಂಡುಹಿಡಿದಿದ್ದು, ಹನ್ನೊಂದನೇ ಸಂಚಿಕೆಯವರೆಗೆ ಸಿಡಿಲಕ್ಕನ ಎರಡು ಕೈಗೂ ಐದೈದು ಬೆರಳು, ಹನ್ನೆರಡರಿಂದ ಎಡಗೈಗೆ ನಾಲ್ಕೇ, ಕಥೆಯಲ್ಲಿ ಅದಕ್ಕೊಂದು ಮಾತೂ ಇಲ್ಲ, ಕಾರ್ಟೂನು ಬರೆಯುವವರು ಕೈ ಬೇಗ ಓಡಲಿ ಎಂದು ನಾಲ್ಕು ಬೆರಳಲ್ಲೇ ಮುಗಿಸುವುದು ಹಳೆಯ ರೂಢಿ, ಅದೇ ಇರಬೇಕು, ಆದರೆ ಬಲಗೈಗೆ ಐದು ಯಾಕೆ, ಆ ಒಂದು ಯಾಕೆ ಅವಳನ್ನು ಎರಡು ದಿನ ಕೊರೆದಿತ್ತು, ನಂಬರು ಒತ್ತಿ, ಮಧ್ಯಾಹ್ನ ಮಲಗಿರುತ್ತಾರೇನೋ, ಇಷ್ಟೂ ತಿಳಿಯದೆ ಈ ಕೆಲಸಕ್ಕೆ ಬಂದಳೇ ಅಂದುಕೊಂಡರೆ, ರಿಂಗಾಗುವ ಮೊದಲೇ ಇಟ್ಟುಬಿಟ್ಟಿದ್ದಳು — ಎಡಗೈ, ಬೆರಳು ಐದು ಮಾಡಿ ಎಂದು ಕೆಂಪು ಗುರುತು ಹಾಕಿದ್ದಳು, ಇನ್ನೂರ ಹನ್ನೆರಡು ಶಾಟಿಗೆ. ಇವತ್ತು ಬೆಳಿಗ್ಗೆ ಪ್ರಿವ್ಯೂ ಹಾಲಿನ ಹೊರಗೆ ಕಾಫಿ ಕುಡಿಯುವಾಗ ನಿರ್ದೇಶಕ ಸ್ವರೂಪ್ ಅವಳನ್ನು ಮುಂದೆ ತಳ್ಳಿದ, ಸಾರ್ ನಮ್ಮ ಸುಪ್ರಜಾ ಮೇಡಂದು ಹದ್ದಿನ ಕಣ್ಣು, ನಿಮ್ಮ ತಪ್ಪನ್ನೂ ಬಿಟ್ಟಿಲ್ಲ, ಅದಕ್ಕೆ ಹದ್ದು ಯಾಕಪ್ಪಾ ಗುಬ್ಬಿ ಸಾಕು ಅಂತ ದೊರೆಸ್ವಾಮಿ ನಕ್ಕರು, ಇವಳು ನನ್ನಕ್ಕ, ಇವಳೇ ನಿಮ್ಮ ಸಿಡಿಲಕ್ಕ, ಅಂದರು, ಆಂಡಾಳಮ್ಮನ ಸೆರಗಿನೊಳಗಿಂದ ಎಡಗೈ ಹೊರಗೆ ಬಂದು ಲೋಟ ಹಿಡಿಯಿತು. ಕರಗ ಹಬ್ಬದ ಮಾರನೇ ದಿನ, ಬೈಂಡರು ಬಂದಿರಲಿಲ್ಲ ಕಣಮ್ಮ, ಹನ್ನೆರಡನೇ ಸಂಚಿಕೆ ಸಂಜೆಗೆ ಅಂಗಡಿ ಸೇರ್ಬೇಕು, ಪುಸ್ತಕದ ಅಂಚು ಕತ್ತರಿಸೋ ಮಿಷನ್ನಿಗೆ ನಾನೇ ನಿಂತೆ, ಉಂಗುರದ ಬೆರಳು ಅದರ ಪಾಲಾಯ್ತು, ಆಮೇಲೆ ಮದುವೆ ಮನೇಲೆಲ್ಲ ಸೆರಗಲ್ಲಿ ಮುಚ್ಕೊಂಡೇ ಓಡಾಡಿದೀನಿ, ಇವನು ಮಾತ್ರ ಪುಸ್ತಕದಲ್ಲಿ ಮುಚ್ಚಲಿಲ್ಲ, ಸಿಡಿಲಕ್ಕನ ಕೈಯನ್ನೂ ಹಾಗೇ ಬರೆದ, ಇವತ್ತು ಅಷ್ಟು ದೊಡ್ಡ ಪರದೆ ಮೇಲೆ ಅದೊಂದನ್ನ ನೋಡ್ಬೇಕು ಅಂತ್ಲೇ ಬಂದೆ. ಸುಪ್ರಜಾ ಆಗಲೇ ಹೇಳಬಹುದಿತ್ತು, ಹೇಳಲಿಲ್ಲ, ಅಕ್ಕನ ಕಣ್ಣು ಮಂಜು ಕಣಮ್ಮ, ನೀನೇ ಪಕ್ಕ ಕೂತು ಹೇಳ್ತಾ ಇರು ಅಂತ ದೊರೆಸ್ವಾಮಿಯೇ ಕೂರಿಸಿ ಮುಂದಿನ ಸಾಲಿಗೆ ಹೋದರು.

ನಾಲ್ಕು ನಿಮಿಷ. ಎದ್ದು ಹೋಗಿ ಪ್ರೊಜೆಕ್ಟರ್ ನಿಲ್ಲಿಸು ಎನ್ನಲೇ, ಏನೆಂದು ಕಾರಣ ಕೊಡಲಿ, ಸ್ವರೂಪನ ಕಿವಿಯಲ್ಲಿ ಹೇಳಿದರೆ ಏನ್ ಮೇಡಂ ಒಂದು ಬೆರಳಿಗೆ ಇಷ್ಟಾ ಅನ್ನುತ್ತಾನೆ, ಅನ್ನದೆ ಇರುತ್ತಾನೆಯೇ, ಅಂಗೈ ಬೆವರಿದೆ, ಸೀರೆಗೆ ಒರೆಸಿದರೂ ಬೆವರುತ್ತದೆ, ತೆರೆಯಲ್ಲಿ ಸಿಡಿಲಕ್ಕ ಗೋಪುರ ಹತ್ತುತ್ತಿದ್ದಾಳೆ, ಗುಂಡಿ ಎಡಕ್ಕಿದೆ, ಬೂಟು ನೀಲಿ, ಎಲ್ಲ ಸರಿ, ಎಲ್ಲ ಎಷ್ಟು ಸರಿ, ಕಿರುಬೆರಳು, ಸಂದು, ನಡುಬೆರಳು, ಈಗ ಏನಮ್ಮಾ, ಹತ್ತುತ್ತಿದಾಳೆ ಅಮ್ಮ, ಒಬ್ಬಳೇನಾ, ಒಬ್ಬಳೇ, ಉಳಿದವರು ಕೆಳಗೆ ಬಿದ್ದಿದಾರೆ, ಈಗ ಕೈ ಎತ್ತುತ್ತಾಳೆ ನೋಡು, ನಂಗೊತ್ತು, ಅಂದಳು ಆಂಡಾಳಮ್ಮ, ಕುರ್ಚಿಯಲ್ಲಿ ಮುಂದಕ್ಕೆ ಸರಿದಳು, ತೆರೆ ಪೂರ್ತಿ ಬೆಳ್ಳಗಾಯಿತು, ಅದರೊಳಗಿಂದ ಕೈ ಎದ್ದಿತು, ಗೋಡೆಯಿಂದ ಗೋಡೆಗೆ, ಉಗುರಿನ ಅಂಚೂ ಬಿಡದೆ ತಿದ್ದಿದ ಕೈ, ಮುಂದಿನ ಸಾಲಿನಲ್ಲಿ ದೊರೆಸ್ವಾಮಿಯ ತಲೆ ತಟ್ಟನೆ ನೆಟ್ಟಗಾಯಿತು, ಬೆಳಕಷ್ಟೇ ಕಾಣ್ತಿದೆ ಕಣೆ ನಂಗೆ, ಹೇಳು, ನಾಕು ತಾನೆ, ಮುದುಕಿಯ ಎಡಗೈ ಬಂದು ಅವಳ ಬೆವರಿದ ಅಂಗೈಯೊಳಗೆ ಕೂತಿತು, ನಾಲ್ಕು ಎನ್ನಬಹುದು, ನಾಲ್ಕೇ ಅಮ್ಮ, ದೀಪ ಹತ್ತುವವರೆಗಾದರೂ ಈ ಮುಖ ಹೀಗೇ ಇರುತ್ತದೆ, ನಾಲಿಗೆಯ ತುದಿಯಲ್ಲಿದೆ ಆ ಮಾತು, ಎಷ್ಟು ಹಗುರ — ಐದು, ಅಂದಳು ಸುಪ್ರಜಾ, ಐದಿದೆ ಅಮ್ಮ, ನಾನೇ ಮಾಡಿಸಿದ್ದು, ಯಾರನ್ನೂ ಕೇಳಲಿಲ್ಲ, ಕೇಳಬೇಕಿತ್ತು, ಗುಡುಗಿನ ಸದ್ದು ಹಾಲನ್ನು ತುಂಬಿತು, ಕೇಳಿಸಿತೋ ಇಲ್ಲವೋ, ಕೇಳಿಸಿದೆ, ಆಂಡಾಳಮ್ಮ ತಿರುಗಲಿಲ್ಲ, ಕೈ ಬಿಗಿಯಲಿಲ್ಲ, ಹಿಂದಕ್ಕೂ ಹೋಗಲಿಲ್ಲ, ಹಾಗೇ ಇದೆ ಅವಳ ಅಂಗೈಯಲ್ಲಿ, ಬೆಚ್ಚಗೆ, ಕಿರುಬೆರಳು, ಸಂದು, ನಡುಬೆರಳು, ಕಿರುಬೆರಳು, ಸಂದು, ನಡುಬೆರಳು, ಸಂದು —