ಒತ್ತಬಾರದ ಕಾಲು

ಊರವರ ಸೊಂಟ, ಬೆನ್ನು, ಕತ್ತುಗಳನ್ನೆಲ್ಲ ಹದಕ್ಕೆ ತರುವ ಮಾಲೀಶಿನ ಹೆಂಗಸಿಗೆ, ಹೆತ್ತ ಮಗಳ ಕಾಲನ್ನೇ ಮುಟ್ಟಬೇಡ ಎಂದುಬಿಟ್ಟರೆ ಆ ಜೀವಕ್ಕೆ ಹೇಗಾಗಬೇಡ, ನೀವೇ ಹೇಳಿ!

ಮಗಳು ಶಾಲೆಯ ಓಟಗಾತಿ. ಮಂಡಿಯ ಮೇಲ್ಗಡೆ ನೋವು ಎಂದಾಗ ತಾಯಿ, "ಓಡಿ ಓಡಿ ಗಂಟು ಕಟ್ಟಿದೆ ಕಣೇ" ಎಂದು ಎಣ್ಣೆ ಬಿಸಿಮಾಡಿ ಉಜ್ಜಿದಳು. ನೋವು ಜಗ್ಗಲಿಲ್ಲ. ಓಟ ಬಿಟ್ಟು ಕೂತರೂ ನೋವು, ನಿದ್ದೆಯಿಂದ ಎಬ್ಬಿಸುವಂಥ ನೋವು. ಮಾಂಸದ ಗಂಟಾದರೆ ಬೆರಳಡಿ ಜಾರಬೇಕು. ಇದು ಮೂಳೆಗೇ ಅಂಟಿಕೊಂಡು ಕೂತಿತ್ತು. ಮಾರನೆಯ ದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು.

ಮೂಳೆ ಡಾಕ್ಟರು ಎಕ್ಸ್‌ರೇ ನೋಡಿದವರೇ, "ಇನ್ನು ಉಜ್ಜೋದು, ಒತ್ತೋದು ಏನೂ ಬೇಡ" ಎಂದರು. "ಮೂಳೆ ಗಡ್ಡೆಗಳೆಲ್ಲ ಒಂದೇ ಥರ ಅಲ್ಲಮ್ಮ. ಕೆಲವನ್ನ ಸುಮ್ನೆ ಗಮನಿಸ್ತಾ ಇದ್ರೆ ಸಾಕು, ಕೆಲವನ್ನ ಕೆರೆದು ತೆಗೀತೀವಿ. ಇದು ಯಾವ್ದು ಅಂತ ಸೂಜಿ ಹಾಕಿ ಚೂರು ತೆಗೆದು ನೋಡ್ಬೇಕು."

"ನಾನು ಉಜ್ಜಿದ್ದಕ್ಕೇ ಬಂತಾ ಡಾಕ್ಟ್ರೇ?"

"ಉಜ್ಜಿದ್ರೆ ಬರಲ್ಲ. ಆದ್ರೂ ಮುಟ್ಟಬೇಡಿ."

ಅದು ಕ್ಯಾನ್ಸರ್ ಎಂದೇ ತಿಳಿಯಿತು. ಮೊದಲು ಕೀಮೋ. ಆಮೇಲೆ ಗಡ್ಡೆ ರಕ್ತನಾಳವನ್ನು ಹಿಡಿದಿರದಿದ್ದರೆ ಕೆಟ್ಟ ಮೂಳೆಯನ್ನಷ್ಟೇ ತೆಗೆದು ಲೋಹದ್ದನ್ನು ಕೂರಿಸುವುದು. ಹಿಡಿದಿದ್ದರೆ ಕಾಲೇ ಹೋಗುತ್ತದೆ.

ಆ ತಿಂಗಳುಗಳಲ್ಲಿ ಯಾರ ಕಾಲು ಒತ್ತುತ್ತಿದ್ದರೂ ಅವಳ ಕೈಗೆ ಬೇಕಾಗಿದ್ದದ್ದು ಮಗಳ ಕಾಲು. "ಅಯ್ಯಯ್ಯೋ, ಮೆಲ್ಲಗಮ್ಮ! ಕಾಲು ಕಿತ್ಕೊಂಡು ಹೋಗ್ತೀಯಾ?" ಎಂದು ಗಿರಾಕಿಯೊಬ್ಬಳು ತಮಾಷೆ ಮಾಡಿದಳು. ತಾಯಿ ಬಚ್ಚಲಿಗೆ ಹೋಗಿ ಅತ್ತು ಬಂದಳು. ಮನೆಯಲ್ಲಿ ತಡೆಯಲಾರದೆ ಮಗಳ ಇನ್ನೊಂದು ಕಾಲನ್ನಾದರೂ ಒತ್ತಲು ಹೋದರೆ, ಹುಡುಗಿ ಎಳೆದುಕೊಂಡಳು. "ಅದಕ್ಕೇನಾಗಿದೆ? ಅದು ಚೆನ್ನಾಗೇ ಇದೆಯಲ್ಲ, ಬಿಡಮ್ಮ."

ಪುಣ್ಯಕ್ಕೆ ಕಾಲು ಉಳಿಯಿತು. ಗಾಯವೂ ಮಾಯಿತು. ಒಂದು ದಿನ ಡಾಕ್ಟರು, "ಇನ್ನು ಮುಟ್ಟಬಹುದು, ಹಗುರಕ್ಕೆ" ಎಂದರು.

ಅವಳು ಕೈ ತೊಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಂಚದಂಚಿಗೆ ಕೂತಳು. ಇಷ್ಟು ದಿನ ಹಂಬಲಿಸಿದ ಕೈಯನ್ನು ಮಂಡಿಯ ಮೇಲಿಟ್ಟಳು. ಬೆರಳಿಗೆ ಗುರುತೇ ಹತ್ತಲಿಲ್ಲ. ಹುಟ್ಟಿದಂದಿನಿಂದ ನೀವಿದ ಕಾಲು, ಯಾರದೋ ಕಾಲಿನಂತಿತ್ತು. ಕೈ ಅಲ್ಲೇ ನಿಂತುಬಿಟ್ಟಿತು.

"ಅಮ್ಮಾ, ಅಲ್ಲಿರೋದು ಲೋಹ. ನಾನು ಅಲ್ಲಿಲ್ಲ" ಎಂದಳು ಮಗಳು. "ಇನ್ನೂ ಸ್ವಲ್ಪ ಕೆಳಗೆ ಬಾ."

ಕೈ ಮೆಲ್ಲಗೆ ಮೀನಖಂಡಕ್ಕೆ ಇಳಿಯಿತು.

"ಇಲ್ಲಿದೀಯೇನೇ?"

"ಹ್ಞೂಂ, ಇಲ್ಲೇ ಇದೀನಿ. ಒತ್ತು."