ಸ್ಪ್ರಿಂಗ್ ಮೂತಿಯ ಕ್ಯಾನು

ಯೂನುಸನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರಂತೆ ಬೀಗುವುದು ಬೇಡ. ನನ್ನ ಹೆಸರು ಸಂಗನಬಸವ, ಊರು ಸಿಂಧನೂರಿನ ಪಕ್ಕದ ಗೊರೇಬಾಳ, ಕೆಲಸ ಭತ್ತದ ಗದ್ದೆಗಳಿಗೆ ಎಣ್ಣೆ ಹೊಡೆಯುವುದು. ಎಣ್ಣೆ ಅಂದರೆ ಹುಳದ ಔಷಧಿ. ಬೆನ್ನಿಗೆ ಅದನ್ನು ಸಿಂಪಡಿಸುವ ಪೆಟ್ರೋಲ್ ಪಂಪು ಕಟ್ಟಿಕೊಂಡು, ಮೂಗಿಗೆ ಟವೆಲು ಸುತ್ತಿಕೊಂಡು, ಕೆಸರಿನಲ್ಲಿ ದಿನವಿಡೀ ಅಡ್ಡಾಡಬೇಕು. ಇಂಥ ಕೆಲಸದಲ್ಲಿ ಹೊಟ್ಟೆ ಉರಿಸಿಕೊಳ್ಳುವಂಥದ್ದು ಏನಿದೆ ಎಂದು ಕೇಳಬಹುದು. ಇದೆ.

ಒಂಬತ್ತು ವರ್ಷ ನಾನೂ ಅವನೂ ಒಂದೇ ಪಂಪಿನಲ್ಲಿ ದುಡಿದೆವು. ನಾನು ಪಂಪು ಹೊತ್ತರೆ ಅವನು ಕಾಲುವೆಯಿಂದ ನೀರು ತಂದು ಎಣ್ಣೆ ಕಲಸುತ್ತಿದ್ದ. ಅವನು ಹೊತ್ತರೆ ನಾನು. ಎರಡು ವರ್ಷದ ಹಿಂದೆ ಅವನು ಸ್ವಂತ ಪಂಪು ತಂದ. ನೀಲಿ ಬಣ್ಣದ್ದು. ಹಗ್ಗ ಒಮ್ಮೆ ಎಳೆದರೆ ಸಾಕು, ಶುರುವಾಗುತ್ತದೆ. ನನ್ನದು ಏಳು ಸಲ ಎಳೆಸಿಕೊಂಡು, ಎರಡು ಸಲ ಕೆಮ್ಮಿ, ನನ್ನ ಮುಖಕ್ಕೇ ಹೊಗೆ ಬಿಡುತ್ತದೆ.

"ಬ್ಯಾರೆ ಆಗೋಣಲೇ, ಇಬ್ಬರಿಗೂ ಹೆಚ್ಚು ಕೆಲಸ ಸಿಗತೈತಿ," ಎಂದಿದ್ದ ಯೂನುಸ. ಸಿಕ್ಕಿತು, ಅವನಿಗೆ. ನನ್ನ ವಾಟ್ಸಾಪಿನ ಡಿಪಿಯಲ್ಲಿ ನಾವಿಬ್ಬರೂ ಗದ್ದೆಯಲ್ಲಿ ನಿಂತ ಫೋಟೋ ಇತ್ತು. ಆವತ್ತೇ ಅವನನ್ನು ಕತ್ತರಿಸಿ ಹಾಕಿ, ಪಂಪು ಹೊತ್ತ ನನ್ನನ್ನು ಮಾತ್ರ ಉಳಿಸಿಕೊಂಡೆ.

ನನ್ನ ಕೈಯಲ್ಲಿ ಉಳಿದ ದೊಡ್ಡ ಕೆಲಸವೆಂದರೆ ದಢೇಸುಗೂರಿನ ಅಮರಮ್ಮನ ಹದಿನೆಂಟು ಎಕರೆ ಭತ್ತ. ಒಬ್ಬಳೇ ಬದುವಿನ ಮೇಲೆ ನಿಂತು ಬೇಸಾಯ ಮಾಡಿಸುವ ಹೆಂಗಸು, ಮಾತು ಖಡಕ್ಕು. ಅವಳ ಗದ್ದೆಯೂ ಕೈಬಿಟ್ಟರೆ ನಾನು ಪಂಪು ಕೆಳಗಿಟ್ಟು ಕೂಲಿಗೆ ಹೋಗಬೇಕಿತ್ತು. ಆ ಕೂಲಿಯೂ ಯೂನುಸನ ಹಿಂದೆ ನೀರು ಹೊರುವುದೇ ಆಗುತ್ತಿತ್ತು.

ಇನ್ನು ನಾನು ಮಾಡಿದ ಘನಂದಾರಿ ಕೆಲಸ ಹೇಳುತ್ತೇನೆ. ನಾವೆಲ್ಲ ಪೆಟ್ರೋಲ್ ತರುವ ಬಂಕಿನಲ್ಲಿ ಒಂದು ಬೋರ್ಡು ಇತ್ತು: ಪ್ಲಾಸ್ಟಿಕ್ ಕ್ಯಾನು, ಬಾಟಲಿಗಳಲ್ಲಿ ಪೆಟ್ರೋಲ್ ಕೊಡುವುದಿಲ್ಲ. ಅದರ ಕೆಳಗೇ ನಿಂತು ವರ್ಷಗಟ್ಟಲೆ ನಾವು ಪ್ಲಾಸ್ಟಿಕ್ ಕ್ಯಾನು ತುಂಬಿಸಿಕೊಂಡಿದ್ದೆವು. ಬೋರ್ಡಿನ ಬಣ್ಣ ಹೋಗಿತ್ತು, ಭಯ ಮೊದಲೇ ಇರಲಿಲ್ಲ. ಒಂದು ಮುಂಜಾನೆ ನಾನು ಸಾಲಿನಲ್ಲಿ ನಿಂತಿದ್ದೆ. ಆಮೇಲೆ ಬಂದ ಯೂನುಸನನ್ನು ಬಂಕಿನ ಮ್ಯಾನೇಜರ್ ಹನುಮಂತು "ಬಾರಪ್ಪಾ ಯೂನುಸ" ಎಂದು ಮುಂದೆ ಕರೆದು, ಅವನ ಎರಡು ಕ್ಯಾನುಗಳನ್ನೂ ತುಂಬಿಸಿ, ಚಹಾ ಬೇರೆ ಕುಡಿಸಿದ. ನಾನು ಸಾಲಿನಲ್ಲೇ ಇದ್ದೆ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಯೂನುಸ, ಕ್ಯಾನು, ಬೋರ್ಡು ಮೂರೂ ಬರುವಂತೆ ಫೋಟೋ ಹೊಡೆದೆ. ಬೋರ್ಡಿನ ಮೂಲೆಯಲ್ಲಿ 'ದೂರುಗಳಿದ್ದರೆ ತಿಳಿಸಿ' ಎಂದು ನಂಬರಿತ್ತು. ಆ ನಂಬರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹೆಸರು ಬರೆಯಲಿಲ್ಲ. ನಾನೇನು ದಡ್ಡನೇ?

ಯೂನುಸನಿಗೆ ಪೆಟ್ರೋಲ್ ನಿಲ್ಲುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನಕ್ಕೆ ಎಲ್ಲರಿಗೂ ನಿಂತಿತು. ನಾನು ನನ್ನ ಹಳೆಯ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ಹಿಡಿದು ಹೋದಾಗ ಹನುಮಂತು ಪೈಪನ್ನು ಕೈಯಿಂದಲೂ ಮುಟ್ಟಲಿಲ್ಲ.

"ಯಾರೋ ಪುಣ್ಯಾತ್ಮ ಫೋಟೋ ಕಳಿಸ್ಯಾನ. ಮಾಲಕರು ಹೆದರ್ಯಾರ," ಎಂದ. "ಇನ್ಮ್ಯಾಲ ಉಕ್ಕಿನ ಕ್ಯಾನು ಬೇಕು. ಮೂತಿಗೆ ಸ್ಪ್ರಿಂಗ್ ಇರಬೇಕು, ಮ್ಯಾಲ ಮುದ್ರಿ ಇರಬೇಕು. ಇಲ್ಲಂದ್ರ ಒಂದು ಹನಿ ಕೊಡಾಂಗಿಲ್ಲ."

ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಎಲ್ಲರನ್ನೂ ಹಾಗೇ ನೋಡುತ್ತಾನೆ ಎಂದುಕೊಂಡೆ.

ಅಲ್ಲಿಂದ ನನ್ನ ಗೋಳು ಶುರು. ಬೈಕಿನ ಟ್ಯಾಂಕು ತುಂಬಿಸಿಕೊಂಡು ಬಂದು, ಪೈಪು ಇಳಿಬಿಟ್ಟು, ಬಾಯಿಂದ ಎಳೆದು ಪಂಪಿಗೆ ಬಿಡುವುದು. ಎಷ್ಟೇ ಹುಷಾರಾಗಿ ಎಳೆದರೂ ಒಂದು ಗುಟುಕು ಒಳಗೆ ಹೋಗುತ್ತಿತ್ತು. ಹೆಂಡತಿ ಮೌನೇಶ್ವರಿ ನನ್ನ ಹತ್ತಿರ ಕೂರುವುದನ್ನೇ ಬಿಟ್ಟಳು.

"ನಿಮ್ಮ ಬಾಯಾಗ ಬಂಕ್ ತೆರದಂಗ ಆಗೈತಿ," ಎಂದಳು. "ಯೂನುಸಣ್ಣನ್ನ ನೋಡ್ರಿ, ಕೆಂಪು ಕ್ಯಾನು ತಂದಾನ. ಗಾಡಿಗೆ ಕಟ್ಟಿಕೊಂಡು ಹೋದ್ರ ಏನ್ ಚೆಂದ ಕಾಣತೈತಿ! ಎಲ್ಲಿ ಸಿಗತೈತಿ ಅಂತ ಹೋಗಿ ಕೇಳಬಾರದ?"

"ಅವನ್ನ ಕೇಳೋದಕ್ಕಿಂತ ಪೆಟ್ರೋಲ್ ಕುಡಿಯೋದು ಚಲೋ," ಎಂದೆ.

ಆ ಕ್ಯಾನನ್ನು ನಾನೂ ನೋಡಿದ್ದೆ, ನೋಡದವನಂತೆ. ಮದುವೆಯ ಗಾಡಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಸ್ಪ್ರಿಂಗಿನ ಮೂತಿ, ಹಿಡಿಕೆ, ಮುದ್ರೆ, ಎಲ್ಲ ಇತ್ತು. ಬಂಕಿನಲ್ಲಿ ಜನ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಿಯಮ ತಂದವನು ನಾನು, ಅದರಿಂದ ಮೆರೆದವನು ಅವನು. ಹೀಗೂ ಉಂಟೇ?

ದಸರಾ ಮುಗಿದ ವಾರಕ್ಕೆ ಅಮರಮ್ಮನ ಫೋನು ಬಂತು. ಅವಳ ಗದ್ದೆಗೆ ದೋಮ ಬಿದ್ದಿತ್ತು. ಭತ್ತದ ಬುಡದಲ್ಲಿ ಕೂತು ರಸ ಹೀರುವ ಜಿಗಿಹುಳಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಎರಡು ದಿನ ಬಿಟ್ಟರೆ ಪೈರು ಸುಟ್ಟಂತಾಗುತ್ತದೆ.

"ನಾಳಿ ಒಂದ ದಿನದಾಗ ಹದಿನೆಂಟು ಎಕರೆನೂ ಮುಗೀಬೇಕು," ಎಂದಳು. "ಬಾಯಿಲೆ ಪೆಟ್ರೋಲ್ ಎಳಕೋತ ಕುಂಡ್ರೋದಾದ್ರ ಈಗಲೇ ಹೇಳು. ಯೂನುಸಗ ಫೋನ್ ಮಾಡ್ತೀನಿ."

"ಕ್ಯಾನು ಐತ್ರಿ ಅಮ್ಮಾರ, ಹೊಸಾದು," ಎಂದುಬಿಟ್ಟೆ. ಇರಲಿಲ್ಲ.

ಆವತ್ತೇ ಬೈಕು ಹತ್ತಿದೆ. ಸಿಂಧನೂರಿನ ಅಂಗಡಿಗಳಲ್ಲಿ ಕೇಳಿದರೆ ಮಸ್ಕಿಗೆ ಹೋಗು ಎಂದರು. ಮಸ್ಕಿಯ ಪಾತ್ರೆ ಅಂಗಡಿಯವನು ಇದೇ ಅದು ಎಂದು ಆಣೆ ಮಾಡಿ ಒಂದು ಸ್ಟೀಲಿನ ಕ್ಯಾನು ಕೊಟ್ಟ. ಅಲ್ಲಿನ ಬಂಕಿನಲ್ಲಿ ತೋರಿಸಿದರೆ ಅವರು ಬಿದ್ದು ಬಿದ್ದು ನಕ್ಕರು. "ಇದು ಹಾಲಿಂದ್ರೀ ಯಜಮಾನ್ರ, ಎಮ್ಮಿ ಎಲ್ಲೈತಿ?" ಎಂದ ಒಬ್ಬ. ಹಾಲಿನ ಕ್ಯಾನು ತಿರುಗಿ ಕೊಟ್ಟು, ಬೈಸಿಕೊಂಡು, ಬಿಸಿಲಿನಲ್ಲಿ ಲಿಂಗಸುಗೂರಿನ ದಾರಿ ಹಿಡಿದೆ. ಬರೀ ಪೆಟ್ರೋಲ್ ತುಂಬಿಸುವ ಡಬ್ಬಿಗಾಗಿ ಅರ್ಧ ಟ್ಯಾಂಕು ಪೆಟ್ರೋಲ್ ಸುಟ್ಟಿದ್ದೆ.

ಲಿಂಗಸುಗೂರಿನಲ್ಲಿ ಟ್ರ್ಯಾಕ್ಟರ್ ಸಾಮಾನು ಮಾರುವ ಜುಲ್ಫಿಕರನ ಅಂಗಡಿಯಲ್ಲಿ ಅದು ಕಣ್ಣಿಗೆ ಬಿತ್ತು. ಕೆಂಪು, ಮುದ್ರೆ, ಮೂತಿಗೆ ಸ್ಪ್ರಿಂಗ್. ಥೇಟ್ ಯೂನುಸನದ್ದೇ.

"ಕಡೀ ಪೀಸು," ಎಂದ ಜುಲ್ಫಿಕರ್, ಧೂಳು ಒರೆಸುತ್ತ. ನನ್ನ ಊರು ಕೇಳಿಕೊಂಡು ಮುಂದುವರಿಸಿದ: "ನಿಮ್ಮ ಗೊರೇಬಾಳದಾವ್ರೇ ಒಬ್ರು ಎರಡು ಒಯ್ದಾರ. ಅವರಿಗೆ ಹೇಳಿದಂಗ ನಿಮಗೂ ಈ ಮೂತಿ ಹೆಂಗ ತೆಗಿಯೋದು ಅಂತ ತೋರಸ್ತೀನಿ, ಬರ್ರಿ."

ಎರಡು! ಒಂದು ಸಾಲದೆ ಎರಡು! ಒಂದನ್ನು ಗಾಡಿಗೆ ಕಟ್ಟಿಕೊಂಡು ಮೆರೆಯುವುದು, ಇನ್ನೊಂದನ್ನು ಶೋಕೇಸಿನಲ್ಲಿ ಇಟ್ಟುಕೊಳ್ಳುವುದು. "ಅವನಿಗೆ ಬರೋದು ನನಗ ಬರಾಂಗಿಲ್ಲೇನು? ಬ್ಯಾಡ ಬಿಡ್ರಿ," ಎಂದು ಕ್ಯಾನು ಎತ್ತಿಕೊಂಡು ಬಂದೆ.

ಮರುದಿನ ಹೊತ್ತು ಹುಟ್ಟುತ್ತಲೇ ಬಂಕಿನಲ್ಲಿದ್ದೆ. ಹನುಮಂತು ಮೂತಿಯನ್ನು ಹೇಗೋ ತಿರುಗಿಸಿ ತೆಗೆದು, ಪೆಟ್ರೋಲ್ ತುಂಬಿ, ಮತ್ತೆ ಬಿಗಿದು ಕೊಟ್ಟ. ನೋಡಿ ಕಲಿಯಬಹುದಿತ್ತು. ನಾನು ಮಾತ್ರ ನನ್ನ ಕ್ಯಾನನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು ಸುತ್ತಲೂ ನೋಡುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ.

ಅಮರಮ್ಮನ ಗದ್ದೆಯಲ್ಲಿ ಪಂಪಿನಲ್ಲಿದ್ದ ಹಳೇ ಪೆಟ್ರೋಲಿಗೆ ಒಂದು ಎಕರೆ ಮುಗಿಯಿತು. ಪಂಪು ಬದುವಿನ ಮೇಲಿಳಿಸಿ, ಗತ್ತಿನಿಂದ ಕೆಂಪು ಕ್ಯಾನು ಬಗ್ಗಿಸಿದೆ. ಏನೂ ಬರಲಿಲ್ಲ. ಮೂತಿ ಒತ್ತಿದೆ. ಎರಡು ಹನಿ ಬಿತ್ತು, ಸ್ಪ್ರಿಂಗ್ ಟಪ್ಪೆಂದು ಮುಚ್ಚಿಕೊಂಡಿತು. ಒಂದು ಕೈಯಲ್ಲಿ ಕ್ಯಾನು ಎತ್ತಿ, ಇನ್ನೊಂದು ಕೈಯಲ್ಲಿ ಮೂತಿ ಒತ್ತಿ, ಪಂಪನ್ನು ಮೊಣಕಾಲಲ್ಲಿ ಹಿಡಿದೆ. ಟ್ಯಾಂಕೊಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಪೆಟ್ರೋಲ್ ಬಿತ್ತು: ಅಂಗೈಗೆ, ಲುಂಗಿಗೆ, ಬಿಸಿ ಇಂಜಿನ್ನಿಗೆ. ಸುರಕ್ಷತೆಯಂತೆ, ಸುರಕ್ಷತೆ! ಪ್ಲಾಸ್ಟಿಕ್ ಕ್ಯಾನಿನಲ್ಲಿ ಹನ್ನೊಂದು ವರ್ಷ ಒಂದು ಹನಿ ಚೆಲ್ಲಿದವನಲ್ಲ ನಾನು. ಇದನ್ನು ಮಾಡಿದ ಮಹಾನುಭಾವ ಒಂದು ದಿನವಾದರೂ ಕೆಸರಿನಲ್ಲಿ ನಿಂತು ಪಂಪಿಗೆ ಪೆಟ್ರೋಲ್ ಹಾಕಿದ್ದಾನೆಯೇ?

ಅರ್ಧ ತಾಸು ಹೀಗೇ ಹೋಯಿತು. ಅಮರಮ್ಮ ದೂರದಿಂದ ನೋಡುತ್ತಿದ್ದಳು. ಯೂನುಸನಿಗೆ ಇದು ಹೇಗೆ ಬಗ್ಗುತ್ತದೆ ಎಂಬ ಸಿಟ್ಟಿನಲ್ಲೇ ಇಕ್ಕಳ ತೆಗೆದು ಸ್ಪ್ರಿಂಗಿಗೆ ಹಾಕಿ ಎಳೆದೆ. ಸ್ಪ್ರಿಂಗಿನ ಜೊತೆ ಮೂತಿಯೇ ಕಿತ್ತು ಬಂತು. ಕ್ಯಾನು ಕೈಜಾರಿ ಬದುವಿಗೆ ಬಿದ್ದು, ಐದು ಲೀಟರಿನಲ್ಲಿ ಉಳಿದಿದ್ದ ಪೆಟ್ರೋಲೆಲ್ಲ ಗುಳುಗುಳು ಎಂದು ಗದ್ದೆಯ ನೀರಿಗೆ ಇಳಿಯಿತು. ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡಿತು.

"ಹುಳಾ ಕೊಲ್ಲು ಅಂದ್ರ ನನ್ನ ಬೆಳಿಗೆ ಪೆಟ್ರೋಲ್ ಕುಡಿಸಾಕತ್ತಿಯಲ್ಲೋ ಮಾರಾಯ!" ಎಂದು ಅಮರಮ್ಮ ಓಡಿ ಬಂದಳು. ಆ ಮಡಿಯ ನೀರು ಬೇರೆ ಮಡಿಗೆ ಹರಿಯದಂತೆ ಕಟ್ಟಿಸುತ್ತಲೇ ಫೋನು ಕಿವಿಗಿಟ್ಟಳು. "ಯೂನುಸಾ, ಎಲ್ಲಿದ್ದರೂ ಜಲ್ದಿ ಬಾ."

ನಾನು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಎದ್ದು ಹೋಗಬಹುದಿತ್ತು. ಅವನು ಬಂದು ಆ ಕೆಂಪು ಕ್ಯಾನಿನಿಂದ ಹೇಗೆ ಸುರಿಯುತ್ತಾನೆ ಎಂದು ನೋಡದೆ ಹೋಗಲು ಆಗಲಿಲ್ಲ. ಹೊಟ್ಟೆಕಿಚ್ಚು ಮನುಷ್ಯನನ್ನು ಹೀಗೆ ಕೂರಿಸುತ್ತದೆ.

ಯೂನುಸ ಬಂದ. ನನ್ನನ್ನು ನೋಡಿದ, ಮುರಿದ ಮೂತಿಯನ್ನು ನೋಡಿದ. ತನ್ನ ಕ್ಯಾನು ಇಳಿಸಿ, ಸ್ಪ್ರಿಂಗಿನ ಗೊಡವೆಗೇ ಹೋಗದೆ ಮೂತಿಯ ಬುಡ ಹಿಡಿದು ಎಡಕ್ಕೆ ತಿರುಗಿಸಿದ. ಇಡೀ ಮೂತಿ ಬಿಚ್ಚಿ ಬಂತು. ಅದನ್ನು ಜೇಬಿಗೆ ಹಾಕಿಕೊಂಡು, ಅರ್ಧ ಕತ್ತರಿಸಿದ ನೀರಿನ ಬಾಟಲಿಯನ್ನು ಪಂಪಿನ ಬಾಯಿಗಿಟ್ಟು ಸುರಿದ.

"ಈ ಮೂತಿ ಬಂಕಿನಾವ್ರಿಗೆ ತೋರ್ಸಾಕ ಅಷ್ಟ," ಎಂದ. "ಗದ್ಯಾಗ ಇದನ್ನ ನಂಬಿದ್ರ ಕೆಲಸ ಆಗಾಂಗಿಲ್ಲ. ಅಂಗಡ್ಯಾವ ಹೇಳಿದ್ದು ಮರತು ನಾನೂ ಮೊದಲ ದಿನ ಅರ್ಧ ಕ್ಯಾನು ಚೆಲ್ಲೀನಿ."

"ಇನ್ನ ಮ್ಯಾಲ ಎಲ್ಲಾ ನೀನ ಹೊಡಿ," ಎಂದಳು ಅಮರಮ್ಮ, ನನ್ನ ಕಡೆ ಬೆನ್ನು ಮಾಡಿ. "ಇವನ ಸಹವಾಸ ಸಾಕಾತು."

ಎರಡು ವರ್ಷದಿಂದ ಯಾವುದಕ್ಕೆ ಹೆದರಿದ್ದೆನೋ ಅದು ಒಂದು ಮಾತಿನಲ್ಲಿ ನಡೆದುಹೋಗಿತ್ತು.

"ಅಮ್ಮಾರ, ಒಬ್ಬನ ಕೈಲೆ ಇವತ್ತ ಮುಗಿಯಾಂಗಿಲ್ರಿ," ಎಂದ ಯೂನುಸ. "ಎರಡು ಪಂಪು ಬೇಕು. ಅಂವ ಇದ್ರ ನಾ ಹೊಡಿತೀನಿ." ನನ್ನ ಪಂಪಿಗೂ ತನ್ನ ಪೆಟ್ರೋಲ್ ಸುರಿದು ಹಗ್ಗ ನನ್ನ ಕೈಗೆ ಕೊಟ್ಟ. "ಎಳಿಲೇ. ಏಳು ಸಲ ಅಲ್ಲೇನು?"

ಎಳೆದೆ. ಅವನು ಪೂರ್ವದ ಬದು ಹಿಡಿದ, ನಾನು ಪಶ್ಚಿಮದ್ದು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಎಕರೆ ಮುಗಿದಿತ್ತು. ಅಮರಮ್ಮ ಇಬ್ಬರಿಗೂ ಮಜ್ಜಿಗೆ ಕಳಿಸಿ, "ಮುಂದಿನ ಸಲನೂ ಇಬ್ರೂ ಕೂಡೇ ಬರ್ರಿ" ಎಂದು ಹೇಳಿ ಕಳಿಸಿದಳು. ನನ್ನ ಕೆಲಸ ಉಳಿದುಕೊಂಡಿತ್ತು, ಅವನ ಕೈಯಿಂದ. ಅದಕ್ಕೂ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ.

ಕಾಲುವೆಯಲ್ಲಿ ಸೋಪು ಹಚ್ಚಿ ಕೈಕಾಲು ತೊಳೆದು ಊಟಕ್ಕೆ ಕೂತೆವು. ಅವನು ಕಟ್ಟಿಕೊಂಡು ಬಂದ ಪುಂಡಿಪಲ್ಯವನ್ನು ನನ್ನ ರೊಟ್ಟಿಯ ಮೇಲೆ ಇಟ್ಟ.

"ಜುಲ್ಫಿಕರನ ಅಂಗಡ್ಯಾಗಿಂದ ಎರಡು ಕ್ಯಾನು ತಂದಿದ್ದೆ," ಎಂದ. "ಒಂದು ನಿಂದು. ಇನ್ನಾ ಕವರ್ ಬಿಚ್ಚಿಲ್ಲ. ಇದ್ರಾಗ ಅಕ್ಕಿನಾದ್ರೂ ತುಂಬಲೇನು ಅಂತ ನನ್ನ ಹೇಂತಿ ಶಾಹೀಸ್ತಾ ದಿನಾ ಬೈತಾಳ."

ರೊಟ್ಟಿ ಕೆಳಗಿಟ್ಟೆ. "ಮತ್ತ ಯಾಕ ಕೊಡಲಿಲ್ಲ?"

"ಕೊಡಾಕ ಮನಸ್ಸು ಬರಲಿಲ್ಲಲೇ. ಬಂದು ಕೇಳಲಿ ಅಂತ ಕುಂತೆ." ರೊಟ್ಟಿ ಮುರಿಯುತ್ತ ಕಾಲುವೆಯ ಕಡೆ ನೋಡಿದ. "ಹನುಮಂತು ನನಗ ಆ ಫೋಟೋ ಬಂದ ಮೆಸೇಜ್ ತೋರಿಸ್ಯಾನ. ಕಳಿಸಿದಾವ ಹೆಸರು ಬರದಿಲ್ಲ. ಆದ್ರ ಮೆಸೇಜಿನ ಮ್ಯಾಲ ಸಣ್ಣ ಗುಂಡನ ಡಿಪಿಯಾಗ ಪಂಪು ಹೊತ್ತು ನಿಂತಾನ."

ನನಗೆ ತಲೆ ಎತ್ತಲಾಗಲಿಲ್ಲ. "ತಪ್ಪಾತು, ಯೂನುಸ," ಎಂದೆ. ಅಷ್ಟು ಹೇಳುವುದಕ್ಕೆ ಬೆಳಗಿನಿಂದ ಕ್ಯಾನು ಒತ್ತಿದ್ದಕ್ಕಿಂತ ಹೆಚ್ಚು ಬಲ ಬೇಕಾಯಿತು.

"ಆತು ಬಿಡು. ಆದ್ರ ನೀ ಕತ್ತರಿಸಿದ್ದು ಬರೋಬ್ಬರಿ ಆಗಿಲ್ಲ ನೋಡು," ಎಂದು ಅವನು ನಕ್ಕ. "ನನ್ನ ಕೈ ಇನ್ನಾ ನಿನ್ನ ಹೆಗಲ ಮ್ಯಾಲ ಐತಿ."

ಎಂಜಲು ಕೈಯನ್ನು ಲುಂಗಿಗೆ ಒರೆಸಿಕೊಂಡು ಫೋನು ತೆಗೆದು ನೋಡಿದೆ. ಎಡ ಹೆಗಲ ಮೇಲೆ ನಾಲ್ಕು ಬೆರಳುಗಳಿದ್ದವು. ಎರಡು ವರ್ಷದಿಂದ ಅಲ್ಲೇ ಇದ್ದವು, ನಾನು ನೋಡಿರಲಿಲ್ಲ.